ಕಾಲಿನ ಲೆಕ್ಕ ಹಾಕಿ ಡಿಸ್ನಿ ವರ್ಲ್ಡ್‌ಗೆ ಹೊರಡಿ

ಮಗ ಅಟ್ಲಾಂಟಾದಲ್ಲಿದ್ದಾನೆ. ಜುಲೈನಲ್ಲಿ ನನ್ನನ್ನು, ಸೊಸೆಯನ್ನು, ಮೂರೂವರೆ ವರ್ಷದ ಮೊಮ್ಮಗನನ್ನು ಕಾರಿಗೆ ಹತ್ತಿಸಿಕೊಂಡು ಏಳು ತಾಸು ಓಡಿಸಿ ಒರ್ಲ್ಯಾಂಡೊ ಹತ್ತಿರದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋದ. ನಾನು ದಾವಣಗೆರೆಯವಳು, ವಯಸ್ಸು 63, ಬಲಮಂಡಿ ತಕರಾರಿನದು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದು ಇಲ್ಲಿಗೂ ಹೊರಡುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ರೈಡ್ ಚೆನ್ನಾಗಿದೆ ಅಂತ ಮಕ್ಕಳು ಹೇಳುತ್ತಾರೆ. ಎಷ್ಟು ನಡೆಯಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಇದು ಒಂದು ಪಾರ್ಕ್ ಅಂದುಕೊಂಡೇ ನಾನು ಹೋಗಿದ್ದೆ. ಅಲ್ಲ, ನಾಲ್ಕು. 1971ರ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಒಂದರಿಂದ ಇನ್ನೊಂದಕ್ಕೆ ಹೆಚ್ಚಾಗಿ ಬಸ್ಸೋ ಕಾರೋ ಬೇಕು. ಎಲ್ಲ ಸೇರಿ ಸುಮಾರು 100 ಚದರ ಕಿಲೋಮೀಟರ್ ಜಾಗ. ಒಂದೇ ದಿನ ಎರಡು ಮೂರು ಪಾರ್ಕ್ ಸುತ್ತುವ 'ಪಾರ್ಕ್ ಹಾಪರ್' ಟಿಕೆಟ್‌ಗೆ ಹೆಚ್ಚು ದುಡ್ಡು. ಸಣ್ಣ ಮಗು, ವಯಸ್ಸಾದವರು ಇದ್ದರೆ ಅದು ದಂಡ. ದಿನಕ್ಕೊಂದು ಪಾರ್ಕ್ ಸಾಕು. ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, ಹತ್ತು ತುಂಬಿದರೆ ದೊಡ್ಡವರ ಟಿಕೆಟ್ಟೇ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕಾರು ನಿಲ್ಲಿಸಿದ ಕೂಡಲೇ ಗೇಟು ಸಿಗುತ್ತದೆ ಅಂದುಕೊಳ್ಳಬೇಡಿ. ನಡುವೆ ಒಂದು ಕೆರೆ ಇದೆ. ಕಾರು ಬಿಟ್ಟು, ಬ್ಯಾಗ್ ತಪಾಸಣೆ ಮುಗಿಸಿ, ಮೋನೊರೈಲು ಇಲ್ಲವೇ ದೋಣಿ ಹತ್ತಿ ಆಚೆ ದಡಕ್ಕೆ ಹೋಗಬೇಕು. ನಾವು ಮೊದಲ ದಿನ ಆರಾಮಾಗಿ ದೋಸೆ ತಿಂದು ಹನ್ನೊಂದಕ್ಕೆ ಹೋದೆವು. ಗೇಟು ದಾಟುವ ಹೊತ್ತಿಗೆ ಹನ್ನೆರಡು, ನೆತ್ತಿ ಮೇಲೆ ಫ್ಲಾರಿಡಾದ ಬಿಸಿಲು, ಮೊಮ್ಮಗನದು ನಿದ್ದೆಯ ಹೊತ್ತು. ಎರಡನೇ ದಿನ ಪಾರ್ಕ್ ತೆರೆಯುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಗೇಟಿನಲ್ಲಿದ್ದೆವು. ಮೊದಲ ದಿನ ಇಡೀ ಮಧ್ಯಾಹ್ನ ಆಗದ್ದು ಅವತ್ತು ಮೊದಲ ಎರಡು ತಾಸಿನಲ್ಲಿ ಆಯಿತು. ಡಿಸ್ನಿಯ ಹೋಟೆಲಿನಲ್ಲೇ ಉಳಿದವರನ್ನು ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ, ಅವರ ಬಸ್ಸು ಕೆರೆಯ ಗೊಡವೆಯಿಲ್ಲದೆ ಗೇಟಿಗೇ ಬರುತ್ತದೆ. ರೂಮಿನ ಬಾಡಿಗೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚಪ್ಪಲಿ ವಿಷಯ. ಪ್ರವಾಸಕ್ಕೆ ಅಂತಲೇ ಸೊಸೆ ಹೊಸ ಶೂ ಕೊಡಿಸಿದ್ದಳು. ನಾನೂ ಹಿಗ್ಗಿ ಹಾಕಿಕೊಂಡು ಹೋದೆ. ಮೂರು ಗಂಟೆಗೆ ಹಿಮ್ಮಡಿಯಲ್ಲಿ ಬೊಬ್ಬೆ. ಹೊಸದಾದರೆ ಹದಿನೈದು ದಿನ ಮೊದಲಿಂದ ಮನೆ ಹತ್ತಿರ ಹಾಕಿ ಪಳಗಿಸಿ. ಪಾರ್ಕಿನೊಳಗೆ ಫಸ್ಟ್ ಏಡ್ ಕೇಂದ್ರ ಇದೆ, ಕೇಳಿದರೆ ಪಟ್ಟಿ ಕೊಡುತ್ತಾರೆ. ಬಾಗಿಲಲ್ಲೇ ವೀಲ್‌ಚೇರ್ ಬಾಡಿಗೆಗೂ ಸಿಗುತ್ತದೆ. ಎಪ್ಕಾಟ್‌ನಲ್ಲಿ ಕೆರೆ ಸುತ್ತ ಹನ್ನೊಂದು ದೇಶಗಳ ಮಂಟಪಗಳು, ಸುತ್ತಿ ಬಂದರೆ ಎರಡು ಕಿಲೋಮೀಟರ್ ಹತ್ತಿರ. ಅಲ್ಲಿ ನಾನು ಮರ್ಯಾದೆಗೆ ಅಂಜದೆ ಕುರ್ಚಿ ತೆಗೆದುಕೊಂಡೆ. ಆ ಹನ್ನೊಂದರಲ್ಲಿ ಇಂಡಿಯಾ ಇಲ್ಲ, ಹುಡುಕಬೇಡಿ.

ಬುತ್ತಿ ಒಯ್ಯಬಹುದು! ಇದು ಗೊತ್ತಾದಾಗ ನನಗಾದ ಸಂತೋಷ ರೈಡ್‌ನಲ್ಲೂ ಆಗಲಿಲ್ಲ. ಗಾಜಿನ ಬಾಟಲಿ, ಮದ್ಯ ಬೇಡ ಅನ್ನುತ್ತಾರೆ. ಬಿಸಿ ಮಾಡುವ ತಾಪತ್ರಯ ಇಲ್ಲದ ತಿಂಡಿಗೆ ಅಡ್ಡಿಯಿಲ್ಲ. ಇಂಡಿಯನ್ ಅಂಗಡಿಯ ಮಂಡಕ್ಕಿಗೆ ಒಗ್ಗರಣೆ ಹಾಕಿ, ಶೇಂಗಾ ಸೇರಿಸಿ ಸ್ಟೀಲ್ ಡಬ್ಬಿಗೆ ತುಂಬಿದ್ದೆ. ತಪ್ಪಾಗಿದ್ದು ಸ್ಟೀಲಿನಲ್ಲಿ. ತಪಾಸಣೆ ಕಂಬದ ನಡುವೆ ದಾಟಿದ್ದೇ ತಡ, ಪಕ್ಕಕ್ಕೆ ಕರೆದರು. ಕಾವಲಿನಾತ ಮುಚ್ಚಳ ತೆಗೆದು ಮೂಸಿ, ಕರಿಬೇವಿನ ಎಲೆಯನ್ನು ಬೆರಳಿನಿಂದ ತೋರಿಸಿ ಇದೇನು ಅಂದ. "ಎಲೆ, ತಿನ್ನೋದು" ಅಂತ ಕೈಸನ್ನೆ ಮಾಡಿದೆ. ನಕ್ಕು ಬಿಟ್ಟ. ಮಾರನೇ ದಿನ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಕೊಡೆ, ಕನ್ನಡಕದ ಡಬ್ಬಿ ಇದ್ದರೂ ಅಷ್ಟೇ, ಮೊದಲೇ ಕೈಯಲ್ಲಿ ಹಿಡಿದುಕೊಳ್ಳಿ. ನೀರಿಗೆ ದುಡ್ಡು ಕೊಡಬೇಡಿ. ಕೌಂಟರ್ ಹೋಟೆಲ್‌ಗಳಲ್ಲಿ 'ಐಸ್ ವಾಟರ್' ಅಂತ ಕೇಳಿದರೆ ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ.

ಒಂದು ಹೊತ್ತಾದರೂ ಕೂತು ಉಣ್ಣಬೇಕು ಅನ್ನಿಸಿದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿ ವಸತಿಗೃಹದಲ್ಲಿರುವ 'ಸನಾ' ಹೋಟೆಲಿಗೆ ಹೋಗಿ. ಪಾರ್ಕಿನ ಟಿಕೆಟ್ ಬೇಡ, ಆದರೆ ಮೊದಲೇ ಬುಕ್ ಮಾಡಿರಬೇಕು. 60 ದಿನ ಮುಂಚಿನಿಂದ ಬುಕಿಂಗ್ ಶುರು. ನಾನ್, ಜೊತೆಗೆ ಬಗೆಬಗೆಯ ಚಟ್ನಿ ಬರುತ್ತವೆ, ಕಿಟಕಿಯಾಚೆ ಜಿರಾಫೆ ಮೇಯುತ್ತಿರುತ್ತವೆ. ಸಸ್ಯಾಹಾರಿಗಳು 'ವೆಜಿಟೇರಿಯನ್' ಅಂತ ಹೇಳಿ ಸುಮ್ಮನಾಗಬೇಡಿ. ಮಾಂಸ, ಮೀನು, ಮೊಟ್ಟೆ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಿ.

ಅನಿಮಲ್ ಕಿಂಗ್‌ಡಮ್‌ನಲ್ಲಿ ಸಫಾರಿ ಬೆಳಿಗ್ಗೆಯೇ ಮುಗಿಸಿ, ಬಿಸಿಲೇರಿದ ಮೇಲೆ ಪ್ರಾಣಿಗಳೂ ನೆರಳು ಹುಡುಕುತ್ತವೆ. ಅಲ್ಲೊಂದು ಕಟ್ಟಿಸಿದ ಊರಿದೆ, ಹೆಸರು ಆನಂದಪುರ. ನನಗೆ ಗೊತ್ತಿದ್ದ ಆನಂದಪುರ ಸಾಗರ ತಾಲೂಕಿನದು. ಸುಣ್ಣ ಕಿತ್ತ ಗೋಡೆ, ಹರಿದ ಪೋಸ್ಟರು, ತುಕ್ಕು ಹಿಡಿದ ಬೋರ್ಡು, ಎಲ್ಲವನ್ನೂ ದುಡ್ಡು ಸುರಿದು ಹಳೇದಾಗಿಸಿದ್ದಾರೆ. ಅರ್ಧ ಗಂಟೆ ನಿಂತು ನೋಡಿದೆ, ಮಗ ಎಳೆದುಕೊಂಡು ಹೋದ.

ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆಯಿರಿ, ಶೂ ಹಾಕಿಸಿ. 'ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್'ಗೆ 38 ಇಂಚು ಬೇಕು, 'ಸ್ಪೇಸ್ ಮೌಂಟನ್'ಗೆ 44. ನಮ್ಮ ಪುಟ್ಟ ಮೂವತ್ತೇಳೂವರೆ. ಅಳತೆಗೋಲಿನ ಕೆಳಗೆ ಉಸಿರು ಬಿಗಿಹಿಡಿದು, ಕತ್ತು ಚಾಚಿ ನಿಂತ. ಆಗಲ್ಲ ಅಂದರು. ಅವನ ಮುಖ ನೋಡಲಾಗಲಿಲ್ಲ. ಹಿಂದಿನ ರಾತ್ರಿಯೇ "ಇದು ಮುಂದಿನ ವರ್ಷಕ್ಕೆ" ಅಂತ ಹೇಳಿದ್ದರೆ ಆ ಅಳು ತಪ್ಪುತ್ತಿತ್ತು. ಇಂಥಲ್ಲಿ 'ರೈಡರ್ ಸ್ವಿಚ್' ಕೇಳಿ: ಕೆಲವರು ಹತ್ತಿ ಬರುವ ತನಕ ಒಬ್ಬರು ಮಗುವಿನ ಜೊತೆ ಇದ್ದು, ಆಮೇಲೆ ಉದ್ದ ಸಾಲಿನಲ್ಲಿ ನಿಲ್ಲದೆ ತಾವೂ ಹೋಗಬಹುದು. "ಅತ್ತೆ, ನೀವು ಪುಟ್ಟನ ಹತ್ತಿರ ಇರ್ತೀರಲ್ಲ?" ಅಂದಳು ಸೊಸೆ. ಇಲ್ಲವಮ್ಮ, ನನಗೂ ಹತ್ತಬೇಕು ಅಂದೆ. ಮಗ, ನಾನು ಮೊದಲು ಹೋದೆವು; ಆಮೇಲೆ ಅವಳು.

ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಮಳೆ ಸಾಮಾನ್ಯ. ಮಿಂಚಿದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ರೇನ್‌ಕೋಟ್ ಮನೆಯಿಂದಲೇ ತನ್ನಿ. ನಾವು 'ಕ್ಯಾರೊಸೆಲ್ ಆಫ್ ಪ್ರೋಗ್ರೆಸ್'ಗೆ ನುಗ್ಗಿದೆವು. 1964ರ ನ್ಯೂಯಾರ್ಕ್ ವರ್ಲ್ಡ್ಸ್ ಫೇರ್‌ಗೆ ಮಾಡಿದ್ದ ಹಳೇ ಆಟ. ಅದರಲ್ಲಿ ರಂಗ ಅಲುಗದು, ಕುರ್ಚಿ ಸಮೇತ ಪ್ರೇಕ್ಷಕರೇ ಸುತ್ತುತ್ತಾರೆ. ಇಪ್ಪತ್ತು ನಿಮಿಷ ಎ.ಸಿ., ಕಾಲಿಗೆ ವಿಶ್ರಾಂತಿ. ಮೊಮ್ಮಗ ಅಲ್ಲೇ ಮಲಗಿದ, ನಾನೂ ತೂಕಡಿಸಿದೆ.

ರಾತ್ರಿ ಬಾಣಬಿರುಸು ಮುಗಿದದ್ದೇ ತಡ ಎಲ್ಲರೂ ಒಟ್ಟಿಗೆ ದೋಣಿಗೆ ಓಡುತ್ತಾರೆ. ನೀವು ಓಡಬೇಡಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂತಿರಿ. ಕಾರು ನಿಲ್ಲಿಸುವ ಜಾಗಗಳಿಗೆ ಕಥೆಗಳ ನಾಯಕರ, ಖಳನಾಯಕರ ಹೆಸರಿಟ್ಟಿದ್ದಾರೆ. ಹೆಸರು, ಸಾಲಿನ ನಂಬರ್ ಎರಡೂ ಕಾಣುವಂತೆ ಫೋಟೊ ಹೊಡೆದುಕೊಳ್ಳಿ. ನಾನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಬೆವರಿಗೆ 'ಜಾಫರ್' ಉಳಿದಿತ್ತು, ನಂಬರ್ ಅಳಿಸಿತ್ತು. ಮಗನ ಫೋನು ಸಂಜೆಯೇ ಸತ್ತಿತ್ತು. ಪವರ್ ಬ್ಯಾಂಕ್ ಹೋಟೆಲ್ ರೂಮಿನಲ್ಲಿ. ಕೊನೆಗೆ ಅಲ್ಲಿದ್ದ ಹುಡುಗಿ "ಬೆಳಿಗ್ಗೆ ಎಷ್ಟು ಗಂಟೆಗೆ ಬಂದಿರಿ?" ಅಂತ ಕೇಳಿ, ಆ ಹೊತ್ತಿಗೆ ತುಂಬಿದ ಸಾಲು ಯಾವುದೆಂದು ಪಟ್ಟಿ ನೋಡಿ ಹೇಳಿದಳು. ಬಂದ ಸಮಯವನ್ನೂ ನೆನಪಿಡಿ.