‘ನೋಡೋಣ ಬಿಡ್ರಿ’ಗೆ ಇಂಗ್ಲಿಷಿನಲ್ಲಿ ಏನಂತಾರೆ?

ದಾವಣಗೆರೆಯಲ್ಲಿ ಊಟಕ್ಕೆ ಕೂತವರು ಮೊದಲ ಸಲ ‘ಸಾಕ್ರಿ’ ಅಂದರೆ ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದ ಮೇಲೇ ಮುಂದಿನವರ ಕಡೆ ಹೋಗುತ್ತಾರೆ. ಮದುವೆಗೆ ಕರೆದಾಗ ‘ನೋಡೋಣ ಬಿಡ್ರಿ’ ಅಂದವರು ಬರುವುದಿಲ್ಲ ಅಂತ ಕರೆದವರಿಗೂ ಗೊತ್ತು. ಒಲ್ಲೆ ಅನ್ನದೆ ಒಲ್ಲೆ ಅನ್ನುವ ಈ ಜಾಣತನ ಇಂಗ್ಲಿಷಿನವರಿಗೂ ಇದೆ, ಆದರೆ ಅದರ ಗುರುತುಗಳು ಬೇರೆ. ಗುರುತು ತಿಳಿಯದಿದ್ದರೆ ಬೇಡ ಅಂದದ್ದನ್ನು ಹೂಂ ಅಂದುಕೊಂಡು ಕಾಯುತ್ತೀರಿ, ಇಲ್ಲವೇ ಏನೂ ಅಲ್ಲದ್ದನ್ನು ಅವಮಾನ ಅಂದುಕೊಂಡು ಕೊರಗುತ್ತೀರಿ. ಅಮೆರಿಕ, ಬ್ರಿಟನ್‌ಗೆ ಬರುವ ನಮ್ಮ ಕಡೆಯವರಿಗೆ ಎರಡೂ ಆಗುತ್ತವೆ.

ಊಟದ ಮೇಜಿನಿಂದಲೇ ಶುರು ಮಾಡೋಣ. ಅಮೆರಿಕದಲ್ಲಿ ‘ಕಾಫಿ ಬೇಕಾ’ ಎಂಬ ಪ್ರಶ್ನೆಗೆ ‘ಐಯಾಮ್ ಗುಡ್’ ಅಂದರೆ ಬೇಡ ಎಂದರ್ಥ. ಅಲ್ಲಿಗೆ ಮಾತು ಮುಗಿಯಿತು, ಎರಡನೇ ಸಲ ಕೇಳುವುದಿಲ್ಲ. ಸಂಕೋಚಕ್ಕೆ ಬೇಡ ಅಂದರೆ ಕಾಫಿ ಸಿಗುವುದಿಲ್ಲ. ಬೇಕಿದ್ದರೆ ಮೊದಲ ಸಲವೇ ‘ಯೆಸ್, ಪ್ಲೀಸ್’ ಅನ್ನಿ. ನಿಮ್ಮ ಮನೆಗೆ ಬಂದವರು ‘ನೋ, ಥ್ಯಾಂಕ್ಸ್’ ಅಂದ ಮೇಲೆ ಬೆಣ್ಣೆ ದೋಸೆ ಎಷ್ಟೇ ಗರಿಗರಿಯಾಗಿದ್ದರೂ ಒತ್ತಾಯ ಮಾಡಬೇಡಿ. ನಮಗೆ ಅದು ಪ್ರೀತಿ, ಅವರಿಗೆ ತಮ್ಮ ಮಾತಿಗೆ ಬೆಲೆ ಕೊಡಲಿಲ್ಲ ಅನ್ನಿಸುತ್ತದೆ.

ನಿಘಂಟಿನಲ್ಲಿ ಡಿಕ್ಲೈನ್, ರಿಫ್ಯೂಸ್, ಡಿನೈ, ರಿಜೆಕ್ಟ್ ನಾಲ್ಕಕ್ಕೂ ‘ನಿರಾಕರಿಸು’ ಎಂದೇ ಬರೆದಿರುತ್ತದೆ. ತೊಡಕು ಹುಟ್ಟುವುದೇ ಅಲ್ಲಿಂದ. ಎಲ್ಲಕ್ಕಿಂತ ಮೆದು ಡಿಕ್ಲೈನ್: ಆಹ್ವಾನ, ಮೀಟಿಂಗು, ಕೆಲಸದ ಆಫರು ಒಪ್ಪದಿದ್ದಾಗ ಬರೆಯುವ ಮಾತು. ರಿಫ್ಯೂಸ್‌ನಲ್ಲಿ ಹಟವಿದೆ. ಸಹೋದ್ಯೋಗಿಯ ಬಗ್ಗೆ ಮ್ಯಾನೇಜರ್‌ಗೆ ‘ಹಿ ರಿಫ್ಯೂಸ್ಡ್’ ಅಂತ ಬರೆದರೆ ಅದು ದೂರು ಕೊಟ್ಟಂತೆಯೇ ಕೇಳಿಸುತ್ತದೆ. ‘ಹಿ ಸೆಡ್ ಹಿ ಕುಡನ್ಟ್’ ಅಂದರೆ ಸಾಕು. ಡಿನೈ ಅಂದರೆ ಆರೋಪ ಅಲ್ಲಗಳೆಯುವುದು, ಇಲ್ಲವೇ ಅಧಿಕಾರ ಇರುವವರು ಕೇಳಿದ್ದನ್ನು ಕೊಡದಿರುವುದು. ‘ಹಿ ಡಿನೈಡ್ ಟು ಕಮ್’ ಎಂಬುದು ನಮ್ಮವರ ಬಾಯಲ್ಲಿ ಪದೇಪದೇ ಬರುವ ತಪ್ಪು, ಡಿನೈ ಆದಮೇಲೆ ಹಾಗೆ ‘ಟು’ ಬರುವುದಿಲ್ಲ. ಆಡುಮಾತಿಗೆ ಹೊಂದುವುದು ಟರ್ನ್ ಡೌನ್. ಯಾರನ್ನು ಎಂಬುದು ನಡುವೆ ಕೂರುತ್ತದೆ: ‘ದೇ ಟರ್ನ್ಡ್ ಮಿ ಡೌನ್’.

ಉಚ್ಚಾರದ್ದೂ ಒಂದು ಮಾತು. ರಿಫ್ಯೂಸ್ ಎಂಬ ಕ್ರಿಯಾಪದದಲ್ಲಿ ಒತ್ತು ‘ಫ್ಯೂ’ ಮೇಲೆ, ಕೊನೆಗೆ ಝೇಂಕಾರದಂಥ ಧ್ವನಿ. ಅದೇ ಅಕ್ಷರಗಳನ್ನು ಮೊದಲಿಗೆ ಒತ್ತು ಕೊಟ್ಟು ‘ರೆಫ್ಯೂಸ್’ ಅಂದರೆ ಕಸ. ಬ್ರಿಟನ್ನಿನಲ್ಲಿ ಕಸದ ಗಾಡಿಯ ವೇಳಾಪಟ್ಟಿಯ ಮೇಲೆ ಈ ಪದ ಕಂಡರೆ ಗಾಬರಿ ಬೇಡ.

ಸರ್ಕಾರಿ ಕಾಗದದಲ್ಲಿ ಈ ಪದಗಳು ದುಡ್ಡಿನ, ದಿನಗಳ ಲೆಕ್ಕವನ್ನೇ ಬದಲಿಸುತ್ತವೆ. ಅಮೆರಿಕದ ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ಅರ್ಜಿ ‘ರಿಜೆಕ್ಟ್’ ಆಯಿತು ಅಂದರೆ ಅದನ್ನು ಪರಿಶೀಲನೆಗೇ ತೆಗೆದುಕೊಂಡಿಲ್ಲ ಎಂದರ್ಥ. ಸಹಿ ಬಿಟ್ಟಿರುತ್ತೀರಿ, ಶುಲ್ಕ ತಪ್ಪಿರುತ್ತದೆ, ಇಲ್ಲವೇ ಹಳೆಯ ಫಾರಂ ಬಳಸಿರುತ್ತೀರಿ. ಕಾಗದ, ಶುಲ್ಕ ವಾಪಸು ಬರುತ್ತವೆ, ಸರಿಪಡಿಸಿ ಮತ್ತೆ ಕಳಿಸಬಹುದು. ಆದರೆ ಮೊದಲು ಕಳಿಸಿದ ತಾರೀಕು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕೊನೆಯ ದಿನದವರೆಗೆ ಕಾಯಬಾರದು. ‘ಡಿನೈ’ ಆಯಿತು ಅಂದರೆ ಓದಿ ನೋಡಿಯೇ ಒಲ್ಲೆ ಅಂದಿದ್ದಾರೆ, ಶುಲ್ಕ ಹೋಯಿತು. ಕಾರಣವೂ ಮೇಲ್ಮನವಿಯ ವಿಷಯವೂ ಪತ್ರದಲ್ಲಿರುತ್ತವೆ. ಮೇಲ್ಮನವಿ ಹಾಕಲು ಸಾಮಾನ್ಯವಾಗಿ 30 ದಿನ, ಆದೇಶ ಅಂಚೆಯಲ್ಲಿ ಬಂದಿದ್ದರೆ 33.

ಅಪ್ಪ-ಅಮ್ಮನಿಗೆ ವೀಸಾ ಕೇಳಿದಾಗ ಅಮೆರಿಕದ ದೂತಾವಾಸದವರು ಬಳಸುವ ಪದ ‘ರಿಫ್ಯೂಸ್ಡ್’. ಚಿತ್ರದುರ್ಗದಿಂದ ಗಾಬರಿಯ ಫೋನು ಬಂದರೆ ಮೊದಲು ಕೈಗೆ ಕೊಟ್ಟ ಚೀಟಿಯಲ್ಲಿ ವಲಸೆ ಕಾನೂನಿನ ಯಾವ ಕಲಮಿನ ಸಂಖ್ಯೆ ಇದೆ ಅಂತ ಕೇಳಿ. 214(ಬಿ) ಆದರೆ ವಾಪಸು ಊರಿಗೆ ಬರುತ್ತಾರೆ ಎಂಬ ನಂಬಿಕೆ ಅಧಿಕಾರಿಗೆ ಬರಲಿಲ್ಲ. ಮೇಲ್ಮನವಿ ಇಲ್ಲ, ಹೊಸ ಅರ್ಜಿ, ಹೊಸ ಶುಲ್ಕ. 221(ಜಿ) ಆದರೆ ಯಾವುದೋ ದಾಖಲೆ ಬೇಕು ಅಥವಾ ಪರಿಶೀಲನೆ ಬಾಕಿ ಇದೆ. ವೆಬ್‌ಸೈಟಿನಲ್ಲಿ ಇದಕ್ಕೂ ರಿಫ್ಯೂಸ್ಡ್ ಎಂದೇ ತೋರಿಸುತ್ತದೆ, ಆದರೆ ಬಾಗಿಲು ಮುಚ್ಚಿಲ್ಲ. ಕೇಳಿದ ದಾಖಲೆಯನ್ನು ಒಂದು ವರ್ಷದೊಳಗೆ ಕೊಟ್ಟರೆ ಮತ್ತೆ ಶುಲ್ಕ ಕಟ್ಟಬೇಕಿಲ್ಲ.

ಕೆಲಸದ ಪತ್ರ ಓದುವಾಗ ‘ಅನ್‌ಫಾರ್ಚುನೇಟ್ಲಿ’ ಕಂಡಲ್ಲಿಗೆ ಉತ್ತರ ಸಿಕ್ಕಿತು. ‘ಮೂವಿಂಗ್ ಫಾರ್ವರ್ಡ್ ವಿತ್ ಅದರ್ ಕ್ಯಾಂಡಿಡೇಟ್ಸ್’ ಅಂದರೂ ಅದೇ. ‘ನಿಮ್ಮ ರೆಸ್ಯೂಮೆ ಫೈಲಿನಲ್ಲಿ ಇಟ್ಟುಕೊಳ್ಳುತ್ತೇವೆ’ ಎಂಬುದು ಭರವಸೆಯಲ್ಲ, ಅದನ್ನು ನಂಬಿ ಬೇರೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.

ಇನ್ನು ಮನಸ್ಸಿಗೆ ನಾಟುವ ಪದಗಳು. ಇಗ್ನೋರ್ ಗಮನ ಬೇರೆ ಕಡೆ ಇದ್ದೂ ಆಗಬಹುದು. ಸ್ನಬ್ ಬೇಕೆಂದೇ ಮಾಡುವುದು, ಹಾಗಾಗಿ ಖಾತ್ರಿ ಇಲ್ಲದೆ ಯಾರ ಮೇಲೂ ಹೊರಿಸಬೇಡಿ. ಮಾತಾಡುತ್ತಿದ್ದವರು ಮುಖ ತಿರುಗಿಸಿಕೊಂಡರೆ ಕೋಲ್ಡ್ ಶೋಲ್ಡರ್. ನಿಮ್ಮ ಮಾತಿಗೆ ಸೊಪ್ಪು ಹಾಕದೆ ಧೂಳು ಕೊಡವಿದ ಹಾಗೆ ಕೊಡವಿದರೆ ಬ್ರಷ್ ಆಫ್. ಎದುರಿಗೇ ಕಂಡೂ ಕಾಣದಂತೆ ಹೋದರೆ ಬ್ರಿಟನ್ನಿನವರು ‘ಬ್ಲ್ಯಾಂಕ್ಡ್ ಮಿ’ ಅನ್ನುತ್ತಾರೆ. ಒಂದಿಡೀ ಗುಂಪು ಒಬ್ಬರ ಜತೆ ಮಾತು ಬಿಟ್ಟರೆ, ನಮ್ಮ ಬಹಿಷ್ಕಾರದ ಹಾಗೆ, ‘ಸೆಂಟ್ ಟು ಕೊವೆಂಟ್ರಿ’. ಬರುತ್ತೇನೆಂದು ಹೇಳಿ ಕಾಯಿಸಿ ಬಾರದಿದ್ದರೆ ಸ್ಟ್ಯಾಂಡ್ ಅಪ್. ಒಂದು ಮಾತೂ ಹೇಳದೆ ಮೆಸೇಜು, ಫೋನು ಎಲ್ಲ ನಿಲ್ಲಿಸಿ ಮಾಯವಾದರೆ ಘೋಸ್ಟಿಂಗ್, 2017ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೆ ಸೇರಿದ ಅರ್ಥ. ಕಟುವಾಗಿ ತಿರಸ್ಕರಿಸು ಎನ್ನುವ ರಿಬಫ್, ಸ್ಪರ್ನ್ ಪತ್ರಿಕೆಗಳ ಪದಗಳು, ಓದಿದಾಗ ತಿಳಿದರೆ ಸಾಕು. ಹೆಣ್ಣು ನೋಡಿ ಹೋದವರು ಒಲ್ಲೆ ಅಂದರೆ ಅದು ಜಿಲ್ಟ್ ಅಲ್ಲ. ಪ್ರೀತಿಸಿ, ಮಾತು ಕೊಟ್ಟು ಕೈಬಿಟ್ಟರೆ ಮಾತ್ರ ಆ ಪದ. ಈ ಎರಡನ್ನು ಬೆರೆಸಿದರೆ ಹುಡುಗಿಯ ಮೇಲೆ ಇಲ್ಲದ ಕಥೆ ಹುಟ್ಟುತ್ತದೆ.

‘ಹೌ ಆರ್ ಯೂ’ ಅಂದು ಉತ್ತರಕ್ಕೆ ನಿಲ್ಲದೆ ಹೋದರೆ ಸ್ನಬ್ ಅಲ್ಲ, ಅದು ನಮಸ್ಕಾರ. ಹೇಳದೆ ಹೋದಾಗ ಪಕ್ಕದ ಮನೆಯವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರೂ ಅಲ್ಲ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಸಂಜೆ ಹಾಗೇ ನುಗ್ಗುವ ರೂಢಿ ಇಲ್ಲಿಲ್ಲ. ಒಂದು ದಿನ ಮುಂಚೆ ಮೆಸೇಜು ಹಾಕಿ.

‘ರೇನ್ ಚೆಕ್’ ಎಂಬುದನ್ನು ಎಚ್ಚರದಿಂದ ಕೇಳಿ. ಅಮೆರಿಕದಲ್ಲಿ ಮಳೆಯಿಂದ ಬೇಸ್‌ಬಾಲ್ ಆಟ ನಿಂತರೆ ಮುಂದಿನ ಆಟಕ್ಕೆ ಬರಲು ಕೊಡುತ್ತಿದ್ದ ಚೀಟಿಯಿಂದ ಬಂದ ಮಾತದು. ಈಗ ಬೇಡ, ಮುಂದೆ ಯಾವಾಗಲಾದರೂ ಎಂದರ್ಥ. ನಿಜವಾಗಿ ಬರುವವರು ‘ಮುಂದಿನ ಗುರುವಾರ ಆಗುತ್ತಾ’ ಅಂತ ಬೇರೆ ದಿನವನ್ನು ತಾವೇ ಹೇಳುತ್ತಾರೆ. ದಿನ ಹೇಳದಿದ್ದರೆ ಅದು ನಮ್ಮ ‘ನೋಡೋಣ ಬಿಡ್ರಿ’. ಇನ್ನೊಂದು ಸಲ ಕರೆದು ನೋಡಿ, ಆಗಲೂ ದಿನ ಬರದಿದ್ದರೆ ಬಿಟ್ಟುಬಿಡಿ.

ಒಲ್ಲೆ ಅನ್ನುವ ಸರದಿ ನಿಮ್ಮದಾದಾಗ ‘ಐ ವಿಲ್ ಟ್ರೈ’ ಅನ್ನಬೇಡಿ. ನಿಮ್ಮ ಮನಸ್ಸಿನಲ್ಲಿ ಅದು ‘ನೋಡ್ತೀವಿ’, ಕರೆದವರು ಮಾತ್ರ ನಿಮಗೊಂದು ಕುರ್ಚಿ ಹಾಕಿಸಿರುತ್ತಾರೆ. ‘ಥ್ಯಾಂಕ್ಸ್ ಫಾರ್ ಇನ್ವೈಟಿಂಗ್ ಮಿ, ಬಟ್ ಐ ಕಾಂಟ್ ಮೇಕ್ ಇಟ್’, ಇಷ್ಟು ಸಾಕು, ಕಾರಣ ಹೇಳಬೇಕೆಂದೇನಿಲ್ಲ. ಆಹ್ವಾನದಲ್ಲಿ ‘ಆರ್‌ಎಸ್‌ವಿಪಿ’ ಇದ್ದರೆ ಬರುವುದಾದರೂ ಬಾರದಿದ್ದರೂ ಉತ್ತರ ಕೊಡಬೇಕು, ಎಷ್ಟು ಜನ ಎಂಬುದೂ ಸೇರಿ. ‘ರಿಗ್ರೆಟ್ಸ್ ಓನ್ಲಿ’ ಅಂತ ಇದ್ದರೆ ಬಾರದವರು ಮಾತ್ರ ತಿಳಿಸಬೇಕು. ಅಲ್ಲಿ ಸುಮ್ಮನಿದ್ದರೆ ಬರುತ್ತೀರಿ ಅಂತಲೇ ಲೆಕ್ಕ.