ಕಾಟರಿ ಒತ್ತಿದರೆ ಕಪ್ಪಾಗುತ್ತಿದ್ದ ಪರದೆ

"ತಮ್ಮಾ, ಸರ್ ಪೆಡಲ್ ಒತ್ತಿದಾಗೇ ಸ್ಕ್ರೀನ್ ಹೋಗ್ಲತ್ತದ ನೋಡು."

ಓಟಿಯ, ಅಂದರೆ ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಹೇಳಿದ ಮಾತು ಇದು. ಪೆಡಲ್ ಅಂದರೆ ಕಾಟರಿಯದು, ವಿದ್ಯುತ್ತಿನಿಂದ ಮಾಂಸ ಕತ್ತರಿಸುವ, ರಕ್ತ ನಿಲ್ಲಿಸುವ ಯಂತ್ರದ್ದು. ಎರಡು ವಾರದಿಂದ ನಾವು ಮಾನಿಟರ್ ಬದಲಿಸಿದ್ದೆವು, ಕ್ಯಾಮೆರಾ ಬಾಕ್ಸ್ ಬಿಚ್ಚಿ ನೋಡಿದ್ದೆವು. ಪೆಡಲ್ ಕಡೆ ಯಾರೂ ನೋಡಿರಲಿಲ್ಲ.

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುತ್ತ ಆಪರೇಷನ್ ಮಾಡಲು ಹೊಸದಾಗಿ 4ಕೆ ಲ್ಯಾಪ್ರೋಸ್ಕೋಪಿ ಕ್ಯಾಮೆರಾ ಬಂದಿತ್ತು. ಟ್ರಾಲಿ ಮೇಲಿನ ಪರದೆ ಸರಿಯಾಗಿತ್ತು. ಎದುರು ಗೋಡೆಯ ಎರಡನೇ ಪರದೆ ಮಾತ್ರ ಆಗಾಗ ಕಪ್ಪಾಗುತ್ತಿತ್ತು, ಎರಡು ಸೆಕೆಂಡ್ ಬಿಟ್ಟು ಮತ್ತೆ ಬರುತ್ತಿತ್ತು. ಹೊಟ್ಟೆಯೊಳಗೆ ಉಪಕರಣ ಹಿಡಿದಿರುವ ಅಸಿಸ್ಟೆಂಟ್ ಡಾಕ್ಟರಿಗೆ ಕಾಣುವುದು ಆ ಪರದೆಯೊಂದೇ. ಎರಡು ಸೆಕೆಂಡ್ ಅಂದರೆ ಸುಮ್ನೆ ಮಾತಲ್ಲ.

ಆ ಗೋಡೆಗೆ ಹೋಗಿದ್ದು 15 ಮೀಟರಿನ ತಾಮ್ರದ ಎಚ್‌ಡಿಎಂಐ ಕೇಬಲ್. ಫಾಲ್ಸ್ ಸೀಲಿಂಗ್ ಮೇಲೆ, ಕರೆಂಟ್ ವೈರುಗಳ ಪಕ್ಕದಲ್ಲೇ. ಹಳೆಯ ಫುಲ್ ಎಚ್‌ಡಿ ಕ್ಯಾಮೆರಾ ಇದ್ದಾಗ ಇದೇ ಕೇಬಲ್ ವರ್ಷಗಟ್ಟಲೆ ದುಡಿದಿತ್ತು. ಅದಕ್ಕೇ ಕೇಬಲ್ ಮೇಲೆ ನಮಗೆ ಅನುಮಾನ ಬರಲಿಲ್ಲ. ಆದರೆ ಸೆಕೆಂಡಿಗೆ 60 ಫ್ರೇಮ್‌ಗಳ 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಹೋಗುವ ಹಾದಿ ಬೇಕು. ಫುಲ್ ಎಚ್‌ಡಿಗೆ ಅದರ ಕಾಲುಭಾಗ ಸಾಕಾಗುತ್ತಿತ್ತು. ಆ ವೇಗದಲ್ಲಿ ಐದಾರು ಮೀಟರ್ ದಾಟಿದರೆ ಸಾದಾ ತಾಮ್ರಕ್ಕೆ ಏದುಸಿರು ಬರುತ್ತದೆ. ಇಲ್ಲಿ ಅದು ಹೇಗೋ ನಡೆಯುತ್ತಿತ್ತು, ಅಂಚಿನಲ್ಲಿ. ಕಾಟರಿ ಯಂತ್ರದ ವಿದ್ಯುತ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುತ್ತದೆ, ತುದಿಯಲ್ಲಿ ಕಿಡಿ ಹಾರುತ್ತದೆ. ಆ ಗದ್ದಲವನ್ನು ತಾಮ್ರದ ಕೇಬಲ್ ಆಂಟೆನಾ ಹಾಗೆ ಹಿಡಿಯುತ್ತದೆ. ಸಿಗ್ನಲ್ ಕಡಿಯುತ್ತದೆ, ಪರದೆಯೂ ಕ್ಯಾಮೆರಾವೂ ಮತ್ತೆ ಮೊದಲಿನಿಂದ ಮಾತಾಡಿಕೊಳ್ಳಬೇಕು. ಆ ಎರಡು ಸೆಕೆಂಡ್ ಅದೇ.

ತಾಮ್ರದ ಬದಲು ಆಪ್ಟಿಕಲ್ ಫೈಬರ್, ಅಂದರೆ ಗಾಜಿನ ಎಳೆ ಹಾಕಿದರೆ ಅದಕ್ಕೆ ಈ ಗದ್ದಲ ಕೇಳಿಸುವುದೇ ಇಲ್ಲ. ಅದರೊಳಗೆ ಹೋಗುವುದು ಬೆಳಕು. ವೈರ್‌ಲೆಸ್ ಹಾಕೋಣ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ಚಿತ್ರವನ್ನು ಕುಗ್ಗಿಸಿ ಕಳಿಸಿದರೆ ಕೈಗೂ ಪರದೆಗೂ ನಡುವೆ ತಡ ಬೀಳಬಹುದು. ಹೊಲಿಗೆ ಹಾಕುವ ಕೈಗೆ ಅದು ಗೊತ್ತಾಗುತ್ತದೆ.

ಓಟಿಯ ಒಳಗೆ 20 ಮೀಟರಿನ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತರಿಸಿದೆವು. ಇದಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ ವಿದ್ಯುತ್ತನ್ನು ಬೆಳಕು ಮಾಡುವ ಚಿಪ್, ಇನ್ನೊಂದರಲ್ಲಿ ಬೆಳಕನ್ನು ವಿದ್ಯುತ್ ಮಾಡುವ ಚಿಪ್. ನಮ್ಮ ಹುಡುಗ ತುದಿಯ ಮೇಲಿನ ಬರಹ ನೋಡದೆ ಉಲ್ಟಾ ಎಳೆದ. ನಾನೂ ಪರೀಕ್ಷಿಸಲಿಲ್ಲ. ಇಡೀ ಕೇಬಲ್ ರಾತ್ರಿ ಹನ್ನೊಂದಕ್ಕೆ ಹೊರಗೆ ತೆಗೆದೆವು. ಈಗ ಎಳೆಯುವ ಮೊದಲು ನೆಲದ ಮೇಲೆ ಹಾಸಿ, ಎರಡೂ ಕಡೆ ಜೋಡಿಸಿ, ಚಿತ್ರ ಬಂದ ಮೇಲೇ ಮೇಲಕ್ಕೆ ಏರಿಸುತ್ತೇನೆ. ತಿರುವುಗಳಲ್ಲೂ ಎಚ್ಚರ ಬೇಕು. ಚಹಾದ ಬಸಿಯ ಸುತ್ತ ಸುತ್ತಿದಷ್ಟು ಅಗಲದ ತಿರುವು ಕೊಡುತ್ತೇನೆ, ಅದಕ್ಕಿಂತ ಬಿಗಿ ಮಾಡುವುದಿಲ್ಲ. ಪ್ಲಾಸ್ಟಿಕ್ ಟೈ ಹಾಕಿ ಬಿಗಿದರೆ ಗಾಜಿಗೆ ಪೆಟ್ಟು. ವೆಲ್ಕ್ರೋ ಪಟ್ಟಿ ಸಾಕು.

ಮೇಲಿನ ಮಹಡಿಯ ಕಾನ್ಫರೆನ್ಸ್ ಹಾಲಿಗೂ ಚಿತ್ರ ಬೇಕಿತ್ತು, ಸುಮಾರು 60 ಮೀಟರ್. ಅಲ್ಲಿಗೆ ನಾನು ಬೇರೆ ದಾರಿ ಹಿಡಿದೆ. ಆಪ್ಟಿಕಲ್ ಎಚ್‌ಡಿಎಂಐ ಅಂತ ಮಾರುವ ಬಹುಪಾಲು ಕೇಬಲ್‌ಗಳಲ್ಲಿ ಗಾಜಿನ ಜೊತೆ ಒಂದಷ್ಟು ತಾಮ್ರದ ಎಳೆಗಳೂ ಇರುತ್ತವೆ. ಹಾಲಿನ ಪ್ರೊಜೆಕ್ಟರ್ ಬೇರೆ ಲೈನಿನ ಅರ್ಥಿಂಗ್ ಮೇಲಿದೆ, ನಡುವೆ ತಾಮ್ರ ಇದ್ದರೆ ಅದರಲ್ಲಿ ಕರೆಂಟ್ ಹರಿಯಬಹುದು. ರೋಗಿ ಮಲಗಿರುವ ಕೋಣೆಯ ಉಪಕರಣಕ್ಕೂ ಅದಕ್ಕೂ ತಾಮ್ರದ ಸಂಬಂಧವೇ ಬೇಡ ಅನ್ನಿಸಿತು. ಹಾಗಾಗಿ ಬರೀ ಗಾಜು: ಓಎಂ3 ದರ್ಜೆಯ ಫೈಬರ್, ಎಲ್‌ಸಿ ಎಂಬ ಚಿಕ್ಕ ಕನೆಕ್ಟರ್, ವಿದ್ಯುತ್ತನ್ನು ಬೆಳಕು, ಬೆಳಕನ್ನು ವಿದ್ಯುತ್ ಮಾಡಲು ಆಚೆಗೊಂದು ಈಚೆಗೊಂದು ಪೆಟ್ಟಿಗೆ.

ಅತಿ ಹೆಚ್ಚು ಸಮಯ ತಿಂದದ್ದು ಧೂಳು. ಹಳೆಯ ಕಟ್ಟಡ, ಶಹಾಬಾದ್ ಕಲ್ಲಿನ ದಪ್ಪ ಗೋಡೆ. ಡ್ರಿಲ್ ಹಾಕಿದರೆ ಹಿಟ್ಟಿನಂಥ ಪುಡಿ. ಫೈಬರಿನಲ್ಲಿ ಬೆಳಕು ಹೋಗುವ ನಡುಭಾಗ ಬರೀ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಒಂದು ಕಣ ಕೂತರೂ ಬೆಳಕಿಗೆ ಅಡ್ಡ. ಕಾನ್ಫರೆನ್ಸ್ ಹಾಲಿನಲ್ಲಿ ಚಿತ್ರದ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತಿದ್ದವು. ಬೆಳಕು ಅಳೆಯುವ ಪವರ್ ಮೀಟರ್ ಹಚ್ಚಿದರೆ ನಷ್ಟ 3 ಡೆಸಿಬೆಲ್ ದಾಟಿತ್ತು, ಅಂದರೆ ಅರ್ಧ ಬೆಳಕು ದಾರಿಯಲ್ಲೇ ಹೋಗಿತ್ತು. ಇಷ್ಟು ಚಿಕ್ಕ ದೂರಕ್ಕೆ ಅದು ತುಂಬಾ ಜಾಸ್ತಿ. ಕ್ಲೀನರ್ ಪೆನ್ನಿನಿಂದ ಎರಡೂ ತುದಿ ಒರೆಸಿದೆ. 1 ಡೆಸಿಬೆಲ್‌ಗಿಂತ ಕೆಳಗೆ ಬಂತು, ಚುಕ್ಕೆಗಳೂ ಹೋದವು. ಅಂಗಿಯ ಅಂಚಿನಿಂದ ಒರೆಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ತುದಿಗೆ ಕಣ್ಣಿಟ್ಟು ನೋಡುವುದೂ ಬೇಡ. 850 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ಹೋಗುತ್ತದೆ.

ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಬಹುದು ಅಂತ 1954ರಲ್ಲೇ ತೋರಿಸಿದವರಲ್ಲಿ ಒಬ್ಬರು ಪಂಜಾಬಿನ ನರಿಂದರ್ ಸಿಂಗ್ ಕಪಾನಿ. ದೇಹದೊಳಗೆ ನೋಡುವ ಎಂಡೋಸ್ಕೋಪ್‌ಗೆ ದಾರಿ ಮಾಡಿದ ಕೆಲಸ ಅದು. ಓಟಿಯಲ್ಲಿ ಫೈಬರ್ ಎಳೆಯುವಾಗ ನನಗೆ ಅದು ನೆನಪಾಗುತ್ತದೆ.

ಭಾನುವಾರ, ಫ್ಯೂಮಿಗೇಶನ್‌ಗೆ ಮೊದಲು ಕೊನೆಯ ಪರೀಕ್ಷೆ. ರೋಗಿಯ ಮೈಗೆ ಹಚ್ಚುವ, ಕಾಟರಿಯ ಕರೆಂಟ್ ವಾಪಸ್ ಹೋಗುವ ಪೇಷಂಟ್ ಪ್ಲೇಟಿನ ಮೇಲೆ ಹಸಿ ಮಾಂಸದ ತುಂಡಿಟ್ಟೆವು. ಡಾಕ್ಟರೇ ಬಂದು ಪೆಡಲ್ ಒತ್ತಿದರು. ಕತ್ತರಿಸುವ ಕಟ್, ರಕ್ತ ನಿಲ್ಲಿಸುವ ಕೋಯಾಗ್, ಕಡಿಮೆ ಪವರ್, ಜಾಸ್ತಿ ಪವರ್. ಅರ್ಧ ಗಂಟೆ ಎಲ್ಲರ ಕಣ್ಣು ಗೋಡೆಯ ಮೇಲೆ. ಒಮ್ಮೆಯೂ ಹೋಗಲಿಲ್ಲ. "ಈಗ ಖರೇ ಆಯ್ತು" ಅಂದರು ಸಿಸ್ಟರ್. ಕಾಟರಿ ನಡೆಸದೆ ಬರೀ ಚಿತ್ರ ತೋರಿಸಿ ಯಾರಾದರೂ ಕೆಲಸ ಒಪ್ಪಿಸಿದರೆ ಸಹಿ ಹಾಕಬೇಡಿ.

ಹಾಲಿಗೆ ಹೋದ ಫೈಬರಿನ ಪಕ್ಕದಲ್ಲೇ ಇನ್ನೊಂದು ಜೋಡಿ ಎಳೆದು, ತುದಿಗೆ ಟೊಪ್ಪಿಗೆ ಹಾಕಿ ಬಿಟ್ಟಿದ್ದೇವೆ. ಆ ದಿನದ ರೀಡಿಂಗ್‌ಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿದ್ದೇನೆ. ಮುಂದೆ ದೂರು ಬಂದರೆ ಮೊದಲು ಆ ಅಂಕಿಯ ಜೊತೆ ಹೋಲಿಸಿ ನೋಡುತ್ತೇವೆ.