ಯಾವ ಸಲಿವನ್‌ರ ಪೈಕಿ?

ನನ್ನ ಅತ್ತೆ ಬಾಸ್ಟನ್‌ನಲ್ಲಿ ಹುಟ್ಟಿದವರು, ಐರ್ಲೆಂಡ್ ಕಂಡವರಲ್ಲ. ಎಪ್ಪತ್ತು ದಾಟಿದ ಮೇಲೆ ‘ನಮ್ಮ ಮೂಲ ಊರು ಯಾವುದು?’ ಎಂಬುದು ಅವರನ್ನು ಬಿಡದೆ ಕಾಡತೊಡಗಿತು. ಗೊತ್ತಿದ್ದದ್ದು ಮೂರೇ ಸಂಗತಿ: ಮುತ್ತಜ್ಜಿ ಬಂದದ್ದು ಕಾರ್ಕ್ ಕೌಂಟಿಯಿಂದ, ತವರಿನ ಮನೆತನ ಸಲಿವನ್, ಊರ ಹೆಸರು ‘ನಾಕ್’ ಎಂದು ಶುರುವಾಗುತ್ತಿತ್ತು. ನಾನು ಧಾರವಾಡದಿಂದ ಬಂದ ಸೊಸೆ. ಮನೆದೇವರು ಯಾವ ಊರಿನದೆಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಅವರ ಸಂಕಟ ಅರ್ಥವಾಯಿತು. ಹುಡುಕಲು ನಾನೇ ಕೂತೆ.

ಮೊದಲ ನಾಲ್ಕು ತಿಂಗಳು ನೀರಿನಲ್ಲಿ ಹೋಮ. ಯಾರೋ ಕಟ್ಟಿ ಆನ್‌ಲೈನ್‌ನಲ್ಲಿಟ್ಟ ವಂಶವೃಕ್ಷಕ್ಕೆ ಮುತ್ತಜ್ಜಿಯನ್ನು ಜೋಡಿಸಿ ಸಂಭ್ರಮಪಟ್ಟಿದ್ದೆ. ಅದು ಬೇರೆಯೇ ಸಲಿವನ್ ಮನೆತನ. ಪಶ್ಚಿಮ ಕಾರ್ಕ್‌ನಲ್ಲಿ ಆ ಹೆಸರಿನವರು ನಮ್ಮ ಕಡೆ ಪಾಟೀಲರಿದ್ದಷ್ಟು. ‘ನಾಕ್’ ಕೂಡ ನೆರವಿಗೆ ಬರಲಿಲ್ಲ. ಐರಿಷ್‌ನಲ್ಲಿ ಅದು ಗುಡ್ಡ. ಗುಡ್ಡವಿದ್ದಲ್ಲೆಲ್ಲ ಆ ಹೆಸರು. ಆ ದೇಶದಲ್ಲಿ ಟೌನ್‌ಲ್ಯಾಂಡ್ ಎಂಬ ಪುಟ್ಟ ಪುಟ್ಟ ಭೂವಿಭಾಗಗಳು 60,000ಕ್ಕೂ ಹೆಚ್ಚು. ಅದರ ಹೆಸರು ಸಿಗದಿದ್ದರೆ ಊರು ಸಿಕ್ಕಂತಲ್ಲ.

ಜನಗಣತಿ ನೋಡೋಣವೆಂದರೆ ಅದರದೇ ಒಂದು ದುಃಖ. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಹೊತ್ತಿ ಉರಿದು 1821ರಿಂದ 1851ರವರೆಗಿನ ಗಣತಿ ಬಹುಪಾಲು ಬೂದಿಯಾಯಿತು. ಆಮೇಲಿನ ನಾಲ್ಕು ಗಣತಿಗಳ ಹಾಳೆಗಳನ್ನು ಸರಕಾರವೇ ಅದಕ್ಕೂ ಮುಂಚೆ ನಾಶ ಮಾಡಿತ್ತು. ಇಡಿಯಾಗಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯದು 1901ರದು.

ದಾರಿ ತೆರೆದದ್ದು ಅಮೆರಿಕದಲ್ಲೇ. ಬಾಸ್ಟನ್‌ನ ಮದುವೆ ದಾಖಲೆಯಲ್ಲಿ ಮುತ್ತಜ್ಜಿಯ ತಂದೆ ತಾಯಿಯ ಹೆಸರಿತ್ತು, ತಾಯಿಯ ತವರಿನ ಹೆಸರೂ ಇತ್ತು. ಅದನ್ನು ಹಿಡಿದು, ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಕ್ಯಾಥೊಲಿಕ್ ಚರ್ಚ್ ದಾಖಲೆಗಳಿಗೆ ಇಳಿದೆ. ಮಸುಕಾದ ಶಾಯಿ, ಲ್ಯಾಟಿನ್ ಹೆಸರುಗಳು. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಒಂದೊಂದೇ ಪುಟ. 1860ರ ದಶಕದ ಒಂದು ಜ್ಞಾನಸ್ನಾನದ ಸಾಲಿನಲ್ಲಿ ಮುತ್ತಜ್ಜಿ ಸಿಕ್ಕಳು. ಪಕ್ಕದಲ್ಲೇ ಟೌನ್‌ಲ್ಯಾಂಡ್, ‘ನಾಕ್’ ಎಂದೇ ಶುರು. ಮಲಗಿದ್ದ ಅತ್ತೆಯನ್ನು ಎಬ್ಬಿಸಿದೆ.

ಒಮ್ಮೆ ಏಮಾರಿದ್ದರಿಂದ ಅಷ್ಟಕ್ಕೇ ನಿಲ್ಲಲಿಲ್ಲ. 1847ರಿಂದ 1864ರವರೆಗೆ ಅಚ್ಚಾದ ಗ್ರಿಫಿತ್ಸ್ ವ್ಯಾಲ್ಯುವೇಷನ್ ಎಂಬ ತೆರಿಗೆ ಪಟ್ಟಿ, ನಮ್ಮ ಪಹಣಿಯ ಹಾಗೆ, ಯಾವ ಜಮೀನು ಯಾರ ಕೈಯಲ್ಲಿತ್ತೆಂದು ಹೇಳುತ್ತದೆ. ಆ ಟೌನ್‌ಲ್ಯಾಂಡಿನಲ್ಲಿ ಇಬ್ಬರು ಜಾನ್ ಸಲಿವನ್! ಗುರುತಿಗೆಂದು ಕಂಸದಲ್ಲಿ ಅಪ್ಪಂದಿರ ಹೆಸರು: ಒಬ್ಬನಿಗೆ ಡ್ಯಾನ್, ಇನ್ನೊಬ್ಬನಿಗೆ ಟಿಮ್. ಮುತ್ತಜ್ಜಿಯ ತಂದೆ ಜಾನ್ ಇವರಲ್ಲಿ ಯಾರು? ಮುತ್ತಜ್ಜಿಯ ಹಿರಿಯಣ್ಣನ ಹೆಸರು ಡೇನಿಯಲ್, ಅದರ ಮೊಟಕು ರೂಪವೇ ಡ್ಯಾನ್. ಚೊಚ್ಚಲ ಮಗನಿಗೆ ಅಜ್ಜನ ಹೆಸರಿಡುವ ರೂಢಿ ಅಲ್ಲಿಯೂ ಉಂಟು. 1901ರ ಗಣತಿಯಲ್ಲಿ ಆ ಡೇನಿಯಲ್ ಅಲ್ಲೇ ಒಕ್ಕಲುತನ ಮಾಡಿಕೊಂಡಿದ್ದ. (ವಯಸ್ಸನ್ನು ಮಾತ್ರ ನಂಬಬೇಡಿ. 1908ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದ ಮೇಲೆ, 1911ರ ಗಣತಿಯಲ್ಲಿ ಎಷ್ಟೋ ಹಿರಿಯರಿಗೆ ಹತ್ತು ವರ್ಷದಲ್ಲಿ ಹದಿನೈದು ವಯಸ್ಸಾಗಿದೆ.)

ಕಳೆದ ಮೇ ತಿಂಗಳಲ್ಲಿ ಅತ್ತೆಯನ್ನು ಕರೆದುಕೊಂಡು ಹೋದೆ. ನಕ್ಷೆ ಹಿಡಿದು ಹೊಲದ ಗೇಟಿನ ಬಳಿ ನಿಂತಿದ್ದೆವು. ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಯಾರೆಂದು ವಿಚಾರಿಸಿದರು. ಸಲಿವನ್ ಮನೆತನದವರೆಂದರು ಅತ್ತೆ.

“ಯಾವ ಸಲಿವನ್‌ರ ಪೈಕಿ?”

“ಡ್ಯಾನನ ಮಗ ಜಾನನ ಪೈಕಿ,” ಎಂದರು ಅತ್ತೆ, ತಡವರಿಸದೆ.

ಅವರು ತಲೆಯಾಡಿಸಿ ಗೇಟು ತೆರೆದರು.